ಅಪ್ಪನ ಕಾರಿನ ಫಸ್ಟ್ ಗೇರ್

ನಾನು ಬಿಚ್ಚಿದ ಯಾವ ವಸ್ತುವೂ ನಮ್ಮ ಮನೆಯಲ್ಲಿ ಪೂರ್ತಿಯಾಗಿ ವಾಪಸ್ ಸೇರಿದ್ದಿಲ್ಲ. ಮಿಕ್ಸಿ ಬಿಚ್ಚಿದಾಗ ಮೂರು ಸ್ಕ್ರೂ ಉಳಿದವು. ಅಂದಿನಿಂದ ಅದು ಚಟ್ನಿ ರುಬ್ಬುವಾಗ ಕಟ್ಟೆಯ ಮೇಲೆ ವಾಕಿಂಗ್ ಹೋಗುತ್ತದೆ, ಅಮ್ಮ ಅದರ ಕತ್ತು ಹಿಡಿದು ನಿಂತಿರಬೇಕು. ಫ್ಯಾನ್ ಬಿಚ್ಚಿದಾಗ ಉಳಿದದ್ದು ಒಂದು ಇಡೀ ರೆಕ್ಕೆ ಎಂದು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಅದು ಸುಳ್ಳು. ಉಳಿದದ್ದು ಎರಡು ನಟ್ಟು ಮಾತ್ರ. ಇಂಥ ನಾನು ಕಳೆದ ವರ್ಷ ಅಪ್ಪನ ಹಳೇ ಕಾರಿನ ಗೇರ್‌ಬಾಕ್ಸ್ ಬಿಚ್ಚಿದೆ. ಅದೂ ಎಳ್ಳಷ್ಟೂ ಕೆಡದೆ ಇದ್ದ ಗೇರ್‌ಬಾಕ್ಸು.

ಕೆಟ್ಟಿದ್ದು ಅಪ್ಪನ ಎಡಗೈ. ಸ್ಟ್ರೋಕ್ ಆದ ಮೇಲೆ ಮಾತು ಬಂತು, ಕಾಲು ಬಂತು, ಸಿಟ್ಟಂತೂ ಎಲ್ಲಕ್ಕಿಂತ ಮೊದಲೇ ಬಂತು. ಎಡಗೈ ಮಾತ್ರ ಬರಲಿಲ್ಲ. ಆ ಕಾರಿನ ಗೇರ್ ಕಡ್ಡಿ ಇರುವುದು ಸ್ಟೇರಿಂಗಿನ ಕೆಳಗೆ, ಎಡಗಡೆ. ನಮ್ಮ ಕಡೆಗೆ ಎಳೆದು ಮೇಲಕ್ಕೆ ತಳ್ಳಿದರೆ ಫಸ್ಟ್. ಒಂದು ಬೆಳಿಗ್ಗೆ ಅಪ್ಪ ಕಾರಿನಲ್ಲಿ ಕೂತು ಏಳೆಂಟು ಸಲ ಎಳೆದು ನೋಡಿದರು. ಆಮೇಲೆ ಇಳಿದು ಬಾಗಿಲು ಹಾಕಿ, "ಗೇರ್‌ಬಾಕ್ಸ್ ಹೋಗಿದೆ" ಎಂದರು.

ನಾನು ಗೋವಿಂದರಾಜನಗರದ ನಾಲ್ಕು ರಸ್ತೆ ಸುತ್ತಿ ಬಂದೆ. ನಾಲ್ಕೂ ಗೇರು ಕರೆದ ಕೂಡಲೇ ಬಂದವು.

"ಹೆಂಗಿದೆಯೋ?" ಎಂದರು ಅಪ್ಪ. ಗೇಟಿನ ಹತ್ತಿರವೇ ಕಾಯುತ್ತಿದ್ದರು.

"ಟೈಟ್ ಇದೆ ಅಪ್ಪ."

"ನಾನ್ ಹೇಳ್ಲಿಲ್ವಾ? ಇಳ್ಸು ಕೆಳಗೆ. ಆಯುಧಪೂಜೆಗೆ ನಾನೇ ನಿಂಬೆಹಣ್ಣು ಹತ್ತಿಸ್ಬೇಕು."

ನಾನು ಹುಟ್ಟುವ ಮುಂಚಿನಿಂದಲೂ ಅದು ಅಪ್ಪನ ಕೆಲಸ. ಪೂಜೆ ಮುಗಿದ ಮೇಲೆ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, ಪಂಚೆ ಮೇಲಕ್ಕೆ ಕಟ್ಟಿ, ಫಸ್ಟ್ ಗೇರ್ ಹಾಕಿ ಒಂದೇ ಸಲಕ್ಕೆ ನಾಲ್ಕನ್ನೂ ಅಪ್ಪಚ್ಚಿ ಮಾಡುತ್ತಿದ್ದರು. ಡಾಕ್ಟರು ಇನ್ನು ರಸ್ತೆಯಲ್ಲಿ ಓಡಿಸಬೇಡಿ ಎಂದಿದ್ದಕ್ಕೆ ಅವರು ತಲೆ ಆಡಿಸಿದ್ದರು. ಆದರೆ ನಿಂಬೆಹಣ್ಣಿನ ಆ ಮೂರಡಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಗೇರ್‌ಬಾಕ್ಸ್ ಕೆಳಗಿರುವಷ್ಟು ದಿನ ತಪ್ಪು ಗೇರ್‌ಬಾಕ್ಸಿನದು. ಮೇಲೆ ಹೋದ ದಿನ ತಪ್ಪು ಯಾರದು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಇಷ್ಟು ಯೋಚಿಸಿಯೂ ನಾನು ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ತೂರಿದೆ. ಬೇರೇನು ಮಾಡಬೇಕೋ ತೋಚಲಿಲ್ಲ.

ಕಾರಿಗೆ ಇಟ್ಟಿಗೆ ಕೊಟ್ಟು, ಬೋಲ್ಟು ಬಿಚ್ಚಿ, ಗೇರ್‌ಬಾಕ್ಸನ್ನು ಮೆತ್ತಗೆ ಹಳೇ ಟೈರಿನ ಮೇಲೆ ಇಳಿಸುವುದು ನನ್ನ ಯೋಜನೆ. ಅದು ಟೈರನ್ನು ಬಿಟ್ಟು ನನ್ನ ಎದೆಯನ್ನು ಆರಿಸಿಕೊಂಡಿತು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಗೇರ್ ಆಯಿಲ್ ಬಾಯಿಗೆ. ನಾನು "ಅಮ್ಮಾ" ಎಂದ ಸದ್ದಿಗೆ ಮಾರೇನಹಳ್ಳಿಯಲ್ಲಿ ಹೂ ಕಟ್ಟುವವರೂ ಕೈ ನಿಲ್ಲಿಸಿರಬೇಕು. ಎದುರು ಮನೆ ಆಂಟಿ ಓಡಿ ಬಂದು ನನ್ನ ಕಾಲು ಹಿಡಿದು ಎಳೆದರು.

ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಗೇರ್‌ಬಾಕ್ಸ್‌ಗೇನೂ ಆಗ್ಲಿಲ್ಲ ತಾನೇ?" ಎಂದರು.

ಅವರು ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮೊದಲಾಗಿದ್ದರೆ ನನ್ನನ್ನು ಪಕ್ಕಕ್ಕೆ ತಳ್ಳಿ ತಾವೇ ಬಿಚ್ಚುತ್ತಿದ್ದರು. ಈಗ ಎಡಗೈಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಬಾಯಲ್ಲೇ ಕೆಲಸ ಮಾಡಿಸುತ್ತಿದ್ದರು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ, "ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಎಡಗೈಯಲ್ಲಿ ಹೆಸರುಕಾಳು ಎತ್ತಿ ಹಾಕಿ ಅಂಕಲ್" ಎಂದು ಹೇಳಿ ಹೋಗಿದ್ದಳು. "ಕಾಳು ಆರಿಸಕ್ಕಾ ನಾನು ಫಿಟ್ಟರ್ ಆಗಿದ್ದು?" ಎಂದು ಅಪ್ಪ ಬಟ್ಟಲನ್ನು ಆಚೆ ನೂಕಿದ್ದರು.

ಯಾವ ಬೋಲ್ಟು ಯಾವ ಜಾಗದ್ದು ಎಂದು ಮರೆಯಬಾರದಲ್ಲ, ನಾನು ಅಮ್ಮನ ಇಡ್ಲಿ ತಟ್ಟೆಗಳನ್ನು ತಂದು ಒಂದೊಂದು ಗುಳಿಯಲ್ಲಿ ಒಂದೊಂದು ಜಾಗದ ಬೋಲ್ಟು ಹಾಕಿಟ್ಟೆ. ಜೀವನದಲ್ಲಿ ಮೊದಲ ಸಲ ಇಂಜಿನಿಯರ್ ಅನ್ನಿಸಿಕೊಂಡೆ, ನನಗೆ ನಾನೇ. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಎಲ್ಲಾ ಬೋಲ್ಟೂ ಒಂದೇ ಡಬರಿಯಲ್ಲಿ, ತಟ್ಟೆ ಒಲೆಯ ಮೇಲೆ.

"ಅಮ್ಮಾ! ಅದ್ರಲ್ಲಿ ಆರ್ಡರ್ ಇತ್ತು!"

"ಇಡ್ಲಿ ಆರ್ಡರ್ ಮಾಡ್ದೋರು ನಿಮ್ಮಪ್ಪ ಕಣೋ. ಸೋಪಾಕಿ ಮೂರು ಸಲ ತೊಳ್ದಿದೀನಿ, ತಿನ್ನು ಸುಮ್ನೆ."

ಆ ಇಡ್ಲಿ ತಿಂದು ಮೂರು ದಿನ ನಾನು ತೇಗಿದಾಗಲೆಲ್ಲ ಬಸ್ ಡಿಪೋ ನೆನಪಾಗುತ್ತಿತ್ತು.

ಕೊನೆಗೆ ಹೆಗ್ಗನಹಳ್ಳಿಯಿಂದ ಒಬ್ಬ ವಯಸ್ಸಾದ ಮೆಕ್ಯಾನಿಕ್‌ನನ್ನು ಕರೆತಂದೆ. ಅಪ್ಪ ಒಳಗೆ ಮಲಗಿದ್ದರು. ಆತ ಕನ್ನಡಕ ಏರಿಸಿ ಒಂದೊಂದು ಹಲ್ಲನ್ನೂ ಉಗುರಿನಲ್ಲಿ ತಡವಿ ನೋಡಿದರು.

"ಇದ್ರ ಹಲ್ಲು ನನ್ ಹಲ್ಗಿಂತ ಚೆನ್ನಾಗಿದೆ. ಇದನ್ಯಾಕ್ ಬಿಚ್ಚುದ್ರಿ ಸಾರ್?"

ನಾನು ನನ್ನ ಎಡಗೈಯನ್ನು ಜೋಲುಬಿಟ್ಟು, ಒಳಗೆ ಮಲಗಿದ್ದ ಅಪ್ಪನ ಕಡೆ ಕಣ್ಣಲ್ಲೇ ತೋರಿಸಿದೆ. ಆತ ಅಂಗಿಯ ತೋಳು ಮಡಚಿ ಇಡೀ ದಿನ ಕೂತು ಎಲ್ಲವನ್ನೂ ಜೋಡಿಸಿ, ಮೇಲೇರಿಸಿ, ಓಡಿಸಿ ನೋಡಿ ಹೋದರು. ಡಬರಿ ಖಾಲಿಯಾಗಿತ್ತು. ಒಂದು ವಾಷರೂ ಉಳಿದಿರಲಿಲ್ಲ. ಹುಟ್ಟಿದಾರಭ್ಯ ನಾನು ಕೈ ಹಾಕಿದ ಕೆಲಸ ಮೊದಲ ಸಲ ಸರಿಯಾಗಿ ಮುಗಿದಿತ್ತು. ಏನಾದರೂ ಒಂದು ಉಳಿದಿರಬಾರದೇ ಎಂದು ಖಾಲಿ ಡಬರಿಯನ್ನು ಎರಡು ಸಲ ಬೋರಲು ಹಾಕಿ ತಟ್ಟಿ ನೋಡಿದೆ.

ಆಯುಧಪೂಜೆ ದಿನ ಅಮ್ಮ ನನ್ನನ್ನು ಅಂಗಡಿಗೆ ಅಟ್ಟಿದಳು. ನಿಂಬೆಹಣ್ಣು, ಬೂದುಗುಂಬಳಕಾಯಿ, ಜೊತೆಗೆ ತಿಂಗಳಿಂದ ಸೋರುತ್ತಿದ್ದ ಅಡುಗೆಮನೆ ನಲ್ಲಿಗೆ ಒಂದು ರಬ್ಬರ್ ವಾಷರ್. ಪೂಜೆ ಆಯಿತು, ಕುಂಬಳಕಾಯಿ ಒಡೆದಾಯಿತು. ಅಪ್ಪ ಪಂಚೆ ಎತ್ತಿ ಕಟ್ಟಿ ಸ್ಟೇರಿಂಗ್ ಮುಂದೆ ಕೂತರು. ನಾನು ಬಲಗಡೆಯ ಕಿಟಕಿಯ ಹತ್ತಿರ ನಿಂತೆ. ಇಂಜಿನ್ ಸ್ಟಾರ್ಟ್ ಆಯಿತು.

ಎಡಗೈಯನ್ನು ಬಲಗೈಯಲ್ಲಿ ಎತ್ತಿ ಕಡ್ಡಿಯ ಮೇಲೆ ಇಟ್ಟುಕೊಂಡರು. ಎಳೆದರು. ಕೈ ಜಾರಿತು. ಮತ್ತೆ ಎತ್ತಿ ಇಟ್ಟರು. ಮೂರನೇ ಸಲಕ್ಕೆ ಹಣೆಯ ವಿಭೂತಿಯ ಮೇಲೆ ಬೆವರು ಇಳಿಯಿತು. ಎದುರು ಮನೆ ಆಂಟಿ ನೋಡಲಾರದೆ ತಮ್ಮ ಸ್ಕೂಟರಿಗೆ ಎರಡನೇ ಸಲ ಕುಂಕುಮ ಇಡತೊಡಗಿದರು.

ನನ್ನ ಕೈ ಜೇಬಿಗೆ ಹೋಯಿತು. ಸಿಕ್ಕಿದ್ದನ್ನು ಹೊರಗೆ ತೆಗೆದು ಕಿಟಕಿಯೊಳಗೆ ಚಾಚಿದೆ.

"ಅಪ್ಪ, ಇದೊಂದು ಉಳ್ಕೊಂಡ್ಬಿಟ್ಟಿತ್ತು. ಹೇಳಕ್ಕೆ ಭಯ ಆಯ್ತು. ನಂದೇ ತಪ್ಪು."

ಅಪ್ಪ ಅದನ್ನು ಬಲಗೈಯಲ್ಲಿ ತೆಗೆದುಕೊಂಡರು. ಕಪ್ಪು ರಬ್ಬರು, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಮಣ್ಣು ತಿನ್ನುವ ಮಗುವಿಗೂ ಅದು ನಲ್ಲಿಯದು ಎಂದು ಗೊತ್ತಾಗುತ್ತದೆ. ಮೂವತ್ತು ವರ್ಷದ ಫಿಟ್ಟರು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ತಿರುಗಿಸಿ ನೋಡಿದರು. ಅಮ್ಮ ಹೊಸಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಹಿಡಿದಿದ್ದಳು.

"ಥೂ, ದಡ್ಡ ನನ್ಮಗನೇ," ಎಂದರು ಅಪ್ಪ. "ಇದಿಲ್ದೆ ಫಸ್ಟ್ ಎಲ್ಲಿಂದ ಬೀಳುತ್ತೋ?"

ವಾಷರನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಇಂಜಿನ್ ಆಫ್ ಮಾಡಿದರು.

"ತಳ್ಳು."

ನಾನು ಹಿಂದಿನಿಂದ ತಳ್ಳಿದೆ. ಅಮ್ಮನೂ ಬಂದು ಕೈ ಹಚ್ಚಿದಳು. ಅಪ್ಪ ಬಲಗೈಯಲ್ಲಿ ಸ್ಟೇರಿಂಗ್ ಹಿಡಿದಿದ್ದರು. ಮೂರು ನಿಂಬೆಹಣ್ಣು ಒಡೆದವು, ಒಂದು ಜಾರಿ ಚರಂಡಿಗೆ ಹೋಯಿತು. ಅದನ್ನು ಯಾರೂ ನೋಡಿಲ್ಲವೆಂದು ಮೂವರೂ ಒಪ್ಪಿಕೊಂಡೆವು.

ಅದಾದ ಮೇಲೆ ಅಪ್ಪ ಗೇರ್‌ಬಾಕ್ಸಿನ ಮಾತೆತ್ತಿಲ್ಲ. ಅಡುಗೆಮನೆಯ ನಲ್ಲಿ ಇನ್ನೂ ಸೋರುತ್ತಿದೆ. ಅಮ್ಮ ಅದರ ಕೆಳಗೆ ಒಂದು ಚೊಂಬು ಇಟ್ಟಿದ್ದಾಳೆ, ಇನ್ನೊಂದು ವಾಷರ್ ತಾ ಎಂದು ನನಗೆ ಹೇಳಿಲ್ಲ. ಕೆಲವು ಸಂಜೆ ಅಪ್ಪ ಹೋಗಿ ಕಾರಿನಲ್ಲಿ ಕೂರುತ್ತಾರೆ. ನಾನು ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಬೀಗದ ಕೈ ಅಲ್ಲೇ ತೂಗುತ್ತಿರುತ್ತದೆ.

"ಸ್ಟಾರ್ಟ್ ಮಾಡ್ಲಾ ಅಪ್ಪ?" ಎಂದು ಮೊನ್ನೆ ಕೇಳಿದೆ.

"ಬೇಡ ಬಿಡು," ಎಂದರು. "ವಾಷರ್ ಇಲ್ವಲ್ಲ."