ರುಚಿ ನೋಡದ ಗುಗ್ಗರಿ

ಚಾಮರಾಜಪೇಟೆಯ ಆ ಅಡ್ಡರಸ್ತೆಗೆ ಹಾಲಿನವನು ಇನ್ನೂ ಬಂದಿಲ್ಲ. ಗಿರಿಜಾಂಬಾ ಅವರ ಒಲೆ ಆಗಲೇ ಹೊತ್ತಿದೆ. ಸ್ನಾನ ಮುಗಿಸಿ, ವಿಭೂತಿ ಧರಿಸಿ, ರಾತ್ರಿ ನೆನೆಹಾಕಿದ್ದ ಹುರುಳಿಯನ್ನು ತೊಳೆಯುತ್ತಿದ್ದಾರೆ. ಉಬ್ಬದೆ ಉಳಿದ ಕಾಳುಗಳು ಬೋಗುಣಿಯ ತಳದಲ್ಲಿ ಟಿಣ್ ಎನ್ನುತ್ತವೆ. ಅವನ್ನು ಬೇರೆ ಇಡುತ್ತಾರೆ. ಇಂದು ಸೋಮವಾರ. ಬೀದಿಯ ಕೊನೆಯ ಪುಟ್ಟ ಗುಡಿಯಲ್ಲಿ ಬಸವಣ್ಣನಿಗೆ ಗುಗ್ಗರಿಯ ನೈವೇದ್ಯ.

ಉಳಿದ ದಿನಗಳಲ್ಲಿ ಇದೇ ಅವರ ಜೀವನೋಪಾಯ. ಕೆಲಸಕ್ಕೆ ಹೋಗುವವರ ಮನೆಗಳಿಗೆ ಕಡಲೆಯನ್ನೋ ಅಲಸಂದೆಯನ್ನೋ ಒಣ ಅವರೆಯನ್ನೋ ನೆನೆಸಿ, ಬೇಯಿಸಿ, ಡಬ್ಬಿಗೆ ತುಂಬಿ ಕೊಡುತ್ತಾರೆ. ಗಂಡ ಕಾಳಿನ ಮಂಡಿಯಲ್ಲಿ ತೂಕ ಹಾಕುತ್ತಿದ್ದವರು. ಅವರು ಹೋದ ಮೇಲೆ ಮಗ ಕೇದಾರನನ್ನು ಓದಿಸಿದ್ದು ಈ ಒಲೆಯೇ. ಸೋಡಾ ಮಾತ್ರ ಹಾಕುವುದಿಲ್ಲ. "ಹಾಕಿದ್ರೆ ಬೇಗ ಬೇಯತ್ತೆ, ನಿಜ. ಆಮೇಲೆ ತಿಂದೋರು ಹೊಟ್ಟೆ ಹಿಡ್ಕೊಂಡು ನನ್ನನ್ನ ನೆನೀತಾರೆ" ಎಂದು ನಗುತ್ತಾರೆ.

ಸೋಮವಾರದ ಕಷ್ಟ ಬೇರೆ. ದೇವರಿಗೆ ಇಡುವ ಮುಂಚೆ ಬಾಯಿಗೆ ಹಾಕಿ ನೋಡುವಂತಿಲ್ಲ. ಬೆಂದಿದೆಯೋ ಇಲ್ಲವೋ ಎಂಬುದನ್ನು ಎರಡು ಬೆರಳ ನಡುವೆ ಹಿಸುಕಿಯೇ ತಿಳಿಯಬೇಕು. ಸಕ್ಕರೆ ಕಾಯಿಲೆಯಿಂದ ಅವರ ಬೆರಳ ತುದಿಗಳಿಗೆ ಈಗ ಸ್ಪರ್ಶವೇ ತಿಳಿಯದು. ಹೇಳಿದರೆ ಸೇವೆ ಬೇರೆಯವರ ಕೈಗೆ ಹೋದೀತೆಂದು ಯಾರಿಗೂ ಹೇಳಿರಲಿಲ್ಲ.

ಕಳೆದ ಕಾರ್ತಿಕದ ಒಂದು ಸೋಮವಾರ ಅನುಮಾನ ತಡೆಯಲಾರದೆ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡುಬಿಟ್ಟರು. ಹದವಾಗಿ ಬೆಂದಿತ್ತು. ಆದರೆ ದೇವರ ಮೀಸಲು ಮುರಿದಿತ್ತು. ಯಾರೂ ನೋಡಿರಲಿಲ್ಲ. ಆದರೂ ಅಷ್ಟನ್ನೂ ನೆರೆಮನೆಗಳಿಗೆ ಹಂಚಿ, ಬರಿಗೈಯಲ್ಲಿ ಗುಡಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದರು. ವಯಸ್ಸಾದ ಅರ್ಚಕ ಶಿವರುದ್ರಯ್ಯನವರು ಬಸವಣ್ಣನ ಮುಂದೆ ಬಾಳೆಹಣ್ಣು ಇಟ್ಟು, "ಅಮ್ಮಾ, ಅವನು ಹಸಿ ಹುರುಳೀನೂ ತಿಂತಾನೆ. ಹಲ್ಲಿಲ್ದೆ ಇರೋದು ನನಗೆ. ಬೇಯಿಸೋದು ಬಿಡ್ಬೇಡಿ" ಎಂದರು.

ಸೊಸೆ ಶಿವರಂಜಿನಿಗೆ ಸಂಗತಿ ತಿಳಿದದ್ದೂ ಅಂದೇ.

"ಮೊದಲೇ ಹೇಳೋದಲ್ವಾ ಅತ್ತೆ? ಕುಕ್ಕರ್ ಇಡಿ. ಐದು ವಿಷಲ್ ಹಾಕ್ಸಿದ್ರೆ ಮುಗೀತು."

"ಕಾಳೆಲ್ಲ ಒಡ್ದು ಗಂಜಿ ಆಗತ್ತೆ. ಬಸವಣ್ಣನಿಗೇನು ಜ್ವರ ಬಂದಿದ್ಯಾ?"

ಮುಂದಿನ ಸೋಮವಾರ ಕುಕ್ಕರ್ ಬರಲಿಲ್ಲ. ಸೊಸೆಯೇ ಸ್ನಾನ ಮಾಡಿ ಒಲೆಯ ಬಳಿ ಬಂದು ನಿಂತಳು. ಔಷಧಿ ಅಂಗಡಿಯಲ್ಲಿ ಪಾಳಿಯ ಕೆಲಸ ಅವಳದು. ಆದರೂ ಅಂದಿನಿಂದ ಒಂದು ವಾರವೂ ತಪ್ಪಿಸಿಲ್ಲ. ಈಗ, ಇವರನ್ನು ನೋಡಲೆಂದು ಬಂದ ನನ್ನ ಕಣ್ಣೆದುರೇ ಸೌಟಿನಿಂದ ಒಂದು ಕಾಳು ತೆಗೆದು ತುಟಿಯ ಹತ್ತಿರ ತರುತ್ತಾಳೆ.

"ಊದ್ಬೇಡ ಕಣೇ! ಅದೂ ಎಂಜಲೇ."

"ಬೆರಳು ಸುಡ್ತಿದೆ ಅತ್ತೆ!"

"ಪುಣ್ಯವಂತೆ ಕಣೇ. ನನಗೆ ಅದೂ ಗೊತ್ತಾಗಲ್ಲ."

ಸೊಸೆ ಕಾಳನ್ನು ಹಿಸುಕುತ್ತಾಳೆ. "ನಡುವೆ ಇನ್ನೂ ಗಟ್ಟಿ." ಕಾಯುತ್ತಾರೆ. ಮತ್ತೊಂದು ಕಾಳು. "ಈಗ ಬೆಂತು." ಗಿರಿಜಾಂಬಾ ಅವರು ಉಪ್ಪು ಹಾಕಿ ಪಾತ್ರೆ ಇಳಿಸುತ್ತಾರೆ. ಒಮ್ಮೆಯೂ ಮರುಪರೀಕ್ಷೆ ಇಲ್ಲ.

ಕಳೆದ ಶ್ರಾವಣದಲ್ಲಿ ನಮ್ಮ ಯಜಮಾನರು ಲಿಂಗೈಕ್ಯರಾದರು. ಆಮೇಲೆ ಬಹಳ ದಿನ ನನಗೆ ಅನ್ನ ಸೇರುತ್ತಿರಲಿಲ್ಲ. ಈ ಗುಡಿಯಲ್ಲಿ ದೊನ್ನೆಯೊಳಗೆ ಕೊಟ್ಟ ಬಿಸಿ ಗುಗ್ಗರಿಯನ್ನೇ ಮೊದಲು ಪೂರ್ತಿ ತಿಂದದ್ದು. ಬೇಯಿಸಿದ ಕೈ ಯಾವುದೆಂದು ಕೇಳಿಕೊಂಡು, ಅದಕ್ಕೊಂದು ನಮಸ್ಕಾರ ಹೇಳಲು ಈ ಮನೆಗೆ ಬಂದೆ. ಶಿವನ ದಯೆ, ಎರಡು ಜೊತೆ ಕೈಗಳು ಸಿಕ್ಕವು.

ಗುಡಿಗೆ ಹೊರಡುವಾಗ, ಬಸವಣ್ಣನ ಹತ್ತಿರ ಏನು ಕೇಳಿಕೊಳ್ಳುತ್ತೀರಿ ಎಂದೆ. ಪಾತ್ರೆಯನ್ನು ಸೆರಗಿನಿಂದ ಹಿಡಿದ ಗಿರಿಜಾಂಬಾ ಅವರು ಸೊಸೆಗೆ ಕೇಳಿಸದಂತೆ ದನಿ ತಗ್ಗಿಸಿದರು.

"ನನ್ನ ಬೆರಳು ವಾಪಸ್ ಕೊಡು ಅಂತ ಕೇಳಲ್ಲ ಕಣ್ರೀ. ಅವಳಿಗೆ ಸೋಮವಾರ ಬೆಳಗಿನ ಡ್ಯೂಟಿ ಬೀಳ್ದೇ ಇರ್ಲಿ, ಅಷ್ಟೆ."