ಅತ್ತೆ ಎತ್ತಿಕೊಂಡ ಸಾಲು

ಪರದೆಯ ಮೇಲೆ ಮಾಯಾ ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿ ಒಂದು ಸಾಲು ಹಾಡಿ ನಿಲ್ಲಿಸಿದಳು. ಮರುಕ್ಷಣವೇ ಅದೇ ರಾಗ ನನ್ನ ಪಕ್ಕದ ಸೀಟಿನಿಂದ ಗಟ್ಟಿಯಾಗಿ ಎದ್ದಿತು. ಹಾಡಿದ್ದು ನಮ್ಮ ಅತ್ತೆ!

ಮಗಳು ಓದಿ ಓದಿ ಹಾಳೆ ಸವೆಸಿದ ಹಳೆಯ ಮಕ್ಕಳ ಕಥೆಯೊಂದು ಹಾಡುಗಳ ಇಂಗ್ಲಿಷ್ ಸಿನಿಮಾ ಆಗಿ ಹುಬ್ಬಳ್ಳಿಗೆ ಬಂದಿತ್ತು. ಹತ್ತಿರದ ಹಳ್ಳಿ ಹೆಬ್ಬಳ್ಳಿಯಿಂದ ಬಂದಿದ್ದ ಅತ್ತೆಯನ್ನೂ ಕರೆದೊಯ್ದಿದ್ದೆವು. ಅವರಿಗೆ ಇಂಗ್ಲಿಷ್ ಬಾರದು. ಆದರೆ ಊರ ಭಜನೆಯಲ್ಲಿ ಮುಂದೆ ಹೇಳುವವರು ಹಾಡಿ ಬಿಟ್ಟ ಸಾಲನ್ನು ಎತ್ತಿಕೊಳ್ಳುವವರಲ್ಲಿ ಅವರದೇ ದೊಡ್ಡ ದನಿ.

ಮುಂದೆ ಕುಳಿತವರೆಲ್ಲ ತಿರುಗಿ ನೋಡಿದರು. ನಾನು ನಾಚಿ ಸೀಟಿನಲ್ಲೇ ಹುದುಗಿದೆ. ಮಗಳು ಅಜ್ಜಿಯ ಸೆರಗು ಜಗ್ಗಿದಳು. ಅತ್ತೆಗೆ ನಮ್ಮನ್ನು ಕಂಡೇ ಆಶ್ಚರ್ಯ.

"ಪಾಪ, ಹುಡುಗಿ ಒಬ್ಬಾಕಿನ ಹಾಡಾಕತ್ತಾಳ. ಹಿಂದ ಹೇಳಾವ್ರ ಇಲ್ಲಂದ್ರ ಮುಂದಿನ ನುಡಿ ಹೆಂಗ ಹಾಡ್ಬೇಕವಾ ಆಕಿ?"

ಅಷ್ಟರಲ್ಲಿ ಪರದೆಯ ಹುಡುಗಿ ಮುಂದಿನ ಸಾಲು ಹಾಡಿದಳು. ಅತ್ತೆ ಮತ್ತೆ ಎತ್ತಿಕೊಂಡರು. ಈ ಸಲ ಮುಂದಿದ್ದ ಚಿಳ್ಳೆಪಿಳ್ಳೆಗಳು ನಗುತ್ತಲೇ ದನಿಗೂಡಿಸಿದವು. ಆಮೇಲೆ ಅವರ ಅಪ್ಪ ಅಮ್ಮಂದಿರು. ಕೊನೆಗೆ, ಸೆರಗು ಜಗ್ಗಿದ ನನ್ನ ಮಗಳೇ ಎಲ್ಲರಿಗಿಂತ ಜೋರಾಗಿ! ಪದ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ, ರಾಗ ಮಾತ್ರ ಥಿಯೇಟರನ್ನೇ ತುಂಬಿತ್ತು.

ಈಗ ಮಗಳು ಬಚ್ಚಲಲ್ಲಿ ಗುನುಗಿ ನಿಲ್ಲಿಸಿದರೆ, ನಾನು ರೊಟ್ಟಿ ಬಡಿಯುತ್ತಲೇ ಸಾಲು ಎತ್ತಿಕೊಳ್ಳುತ್ತೇನೆ. ನನ್ನ ದನಿ ಅಷ್ಟೇನೂ ಛಲೋ ಇಲ್ಲ. ಆದರೂ ಹುಡುಗಿ ಒಬ್ಬಳೇ ಹಾಡಬಾರದಲ್ಲ!