ಅರ್ಧ ಸಂಕದ ಸದಸ್ಯ

ಅಕ್ಕನ ಮನೆಗೆ ಹೋಗುವ ಸಂಕವನ್ನು ಆ ವರ್ಷ ನಾನು ಹಾಕಲಿಲ್ಲ. ಹಾಕಲು ಬಂದವರನ್ನೂ ಬಿಡಲಿಲ್ಲ. ಪಟ್ಟಣ ಪಂಚಾಯಿತಿ ಸದಸ್ಯನಾದ ಮೇಲೆ ನಾನು ಮಾಡಿದ ಮೊದಲ ಜನಸೇವೆ ಅದು.

ನಮ್ಮಿಬ್ಬರ ಮನೆಗಳ ನಡುವೆ ಒಂದು ಹಳ್ಳ, ಅದರ ಮೇಲಿನ ಮರದ ಕಾಲುಸೇತುವೆಯೇ ಸಂಕ. ಈಚೆ ದಡ ಪಟ್ಟಣ ಪಂಚಾಯಿತಿಗೆ ಸೇರಿದ್ದು, ಆಚೆ ದಡ ಗ್ರಾಮ ಪಂಚಾಯಿತಿಗೆ. ನೀರು ಯಾರದೆಂದು ಅದರೊಳಗಿನ ಮೀನಿಗೂ ಗೊತ್ತಿಲ್ಲ. ಮಳೆಗಾಲಕ್ಕೆ ಮುಂಚೆ ಎರಡೂ ದಡದವರು ಸೇರಿ, ಹಳೆಯ ಅಡಿಕೆ ಮರಗಳನ್ನು ತೆಗೆದು ಹೊಸವನ್ನು ಹಾಸಿ ಕಟ್ಟುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಅವತ್ತು ಎಲ್ಲರಿಗೂ ಅಕ್ಕನ ಅವಲಕ್ಕಿ. ಆ ಸಂಕ ದಾಟಿಯೇ ಅವಳು ದಿನಾ ಪೇಟೆಯ ಮನೆಗಳಿಗೆ ಹಾಲು ತರುತ್ತಿದ್ದಳು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು, ಚುನಾವಣೆ ಗೆದ್ದ ಮೇಲೆ ತರಬೇತಿಗೆ ಕರೆದರು. ಇಂಗ್ಲೆಂಡಿನಲ್ಲಿ ದೊಡ್ಡ ಊರನ್ನು ಬರೋ ಎಂಬ ಭಾಗಗಳಾಗಿ ಹಂಚಿರುತ್ತಾರಂತೆ. ಒಂದೊಂದಕ್ಕೂ ಅದರದೇ ಕೌನ್ಸಿಲ್, ಅದರದೇ ಗಡಿ, ಅದರದೇ ಕಸದ ಡಬ್ಬಿ. ಊಟಕ್ಕೆ ಹೋಳಿಗೆಯಿತ್ತು, ಹಾಗಾಗಿ ವಿಷಯ ಚೆನ್ನಾಗಿ ತಲೆಗೆ ಹತ್ತಿತು.

ಆ ಸಲ ಜನ ಕತ್ತಿ, ಹಗ್ಗ ಹಿಡಿದು ಬಂದಾಗ ಅಡ್ಡ ನಿಂತೆ.

"ಇಂಗ್ಲೆಂಡಲ್ಲಿ ಒಂದು ಬರೋ ಕೌನ್ಸಿಲಿನವರು ಇನ್ನೊಂದರ ಕೆಲಸಕ್ಕೆ ಕೈ ಹಾಕಲ್ಲ. ಸಿಮೆಂಟಿನ ಸಂಕನೇ ತರ್ತೀನಿ. ಈಗ ಮರ ಹಾಕಿದ್ರೆ, ಆಫೀಸಿನವರು ಸಂಕ ಇದೆ ಅಂತ ಬರ್ಕೊಂಡು ಹೋಗ್ತಾರೆ."

ಕೈ ಹಾಕಲ್ಲ ಎಂದು ತರಬೇತಿಯವರು ಹೇಳಿರಲಿಲ್ಲ. ಅದು ನನ್ನ ಸ್ವಂತ ಸಂಶೋಧನೆ.

ಅಕ್ಕ ಅವಲಕ್ಕಿ ಪಾತ್ರೆ ಹಿಡಿದು ನಿಂತಿದ್ದಳು. "ಅಲ್ಲ ಮಾರಾಯ, ನನ್ನ ಹಾಲು ಇಂಗ್ಲೆಂಡಿನವರು ದಾಟಿಸ್ತಾರಾ?"

"ಸ್ವಲ್ಪ ತಡ್ಕೊ ಅಕ್ಕ."

ಅವಲಕ್ಕಿ ಮಾತ್ರ ಗಡಿ ದಾಟಿ ಬಂತು. ತಿಂದೆ.

ಅರ್ಜಿಯನ್ನೂ ಕೊಟ್ಟೆ, ನನ್ನ ಗಡಿಯವರೆಗಿನ ಅರ್ಧ ಸಂಕಕ್ಕೆ. ಉಳಿದರ್ಧವನ್ನು ಆಚೆಯವರು ಕೇಳಿಕೊಳ್ಳಲಿ. ಅರ್ಧ ಸಂಕದ ಮೇಲೆ ಜನ ಎಲ್ಲಿಗೆ ಹೋಗುತ್ತಾರೆ ಎಂದು ಆಫೀಸಿನಲ್ಲಿ ಕೇಳಿದರು. ಇವರಿಗೆ ದೂರದೃಷ್ಟಿ ಇಲ್ಲ ಎಂದುಕೊಂಡೆ.

ಮಳೆ ಹಿಡಿಯಿತು. ಶೃಂಗೇರಿ ರಸ್ತೆ ಸುತ್ತಿ ಬಂದರೆ ತಡವಾಗುತ್ತದೆಂದು ಅಕ್ಕ ಹಿಂದಿನ ವರ್ಷದ, ಕುಂಬಾಗಿ ಕೊಳೆತ ಮರಗಳ ಮೇಲೇ ದಾಟುತ್ತಿದ್ದಳು. ಒಂದು ಬೆಳಿಗ್ಗೆ ಅವು ಮುರಿದವು. ಅವಳ ಬಲಗೈಯೂ ಮುರಿಯಿತು. ಎತ್ತಲು ಎರಡೂ ದಡದಿಂದ ಜನ ಇಳಿದರು. ಹಳ್ಳ ಯಾವ ಪಂಚಾಯಿತಿಯದೆಂದು ಯಾರೂ ವಿಚಾರಿಸಲಿಲ್ಲ. ನಾನು ಆಸ್ಪತ್ರೆಗೆ ಹೋಗಿ, ಈಗಿನ ಅಡಿಕೆ ಮರಗಳಲ್ಲಿ ಗಟ್ಟಿತನವಿಲ್ಲ ಎಂದು ಭಾಷಣ ಮಾಡಿ ಬಂದೆ. ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು.

ಮಳೆ ಸ್ವಲ್ಪ ಬಿಟ್ಟಾಗ ಜನ ನನ್ನನ್ನು ಕೇಳದೆ ಮರ ತಂದರು. ನಾನೂ ಹೋಗಿ ಒಂದರ ತುದಿ ಹೊತ್ತೆ. ಇನ್ನೊಂದು ತುದಿ ಹೊತ್ತವನು ನಡೆಯತೊಡಗಿದ, ನಾನೂ ನಡೆದೆ. ಸಂಕ ಕಟ್ಟಿ ಮುಗಿಯುವಾಗ ಅಕ್ಕ ಎಡಗೈಯಲ್ಲಿ ಅವಲಕ್ಕಿ ಬಡಿಸುತ್ತಾ ನನ್ನ ಹತ್ತಿರ ಬಂದಳು.

"ನಿಂಗೆ ಅರ್ಧ ಸಾಕಲ್ವಾ ತಮ್ಮ?"

ಎಲ್ಲರೂ ನಕ್ಕರು. ನಗು ಮುಗಿಯುವವರೆಗೆ ಕಾದೆ.

"ಅಕ್ಕ, ಮರ ಕುಂಬಾಗಿದ್ದು ನಂಗೆ ಗೊತ್ತಿತ್ತು. ದೊಡ್ಡ ಮನುಷ್ಯ ಅನ್ನಿಸ್ಕೊಳ್ಳಕ್ಕೆ ನಾನೇ ಹಾಕಕ್ಕೆ ಬಿಡ್ಲಿಲ್ಲ. ನನ್ನಿಂದ ತಪ್ಪಾಯ್ತು."